ಸ್ವಂತ ಉದಾಹರಣೆ

ನಮ್ಮವ್ವಾ ಹೀನಾ,

ಮಿರಜಕ್ಕ ಮುಟ್ಟಿದ ಮ್ಯಾಲೆ ಈ ಪತ್ರ ಯಾರರೆ ಒಡೆದು ನೋಡಿದ್ರೂ ಚಿಂತಿಲ್ಲ. ನಿನ್ನ ಗಂಡನ ಮನ್ಯಾಗ ಕನ್ನಡ ಓದಾಕ ಬರೂದು ನಿನಗೊಬ್ಬಾಕಿಗೇ. ಅದಕ್ಕ ಮನಸ್ಸು ಬಿಚ್ಚಿ ಬರೀತೀನಿ. ಇವತ್ತು ಪಿಯುಸಿ ಮೂರನೇ ಪರೀಕ್ಷೆಯ, ಅಂದ್ರ ಈ ವರ್ಷದ ಕಡೇ ಅವಕಾಶದ, ಮನಶ್ಶಾಸ್ತ್ರ ಪೇಪರ್ ಮುಗೀತು. ನೀ ಬರಲಿಲ್ಲ. ಬರೂದಿಲ್ಲ ಅಂತ ಗೊತ್ತಿದ್ದೂ ಗಂಟಿ ಹೊಡಿಯೂತನಕ ಗೇಟಿನ ಹತ್ರ ನಿಂತಿದ್ದೆ. ಹುಚ್ಚಿ ನಾನು.

ಈ ವಿಷಯ ಕಲಸೂದಂದ್ರ ಮಂದಿಗೆ ಮೊದಲಿಂದನೂ ಚೇಷ್ಟಿ. ಚಿಕ್ಕೋಡಿಯಿಂದ ನಿಪ್ಪಾಣಿ ಕಾಲೇಜಿಗೆ ಬರೂವಾಗ ಬಸ್ಸಿನ್ಯಾಗ ಬಾಜೂಕ ಕುಂತಾಕಿ, ಏನ ಕಲಸ್ತೀರಿ ಅಂತ ಕೇಳಿ, ನಾ ಹೇಳೂದ್ರಾಗ ಅಂಗೈ ಮುಂದ ಚಾಚತಿದ್ಲು, ಭವಿಷ್ಯ ಹೇಳ್ರಿ ಅಂತ. ಪ್ರಿನ್ಸಿಪಾಲರು ಸೈತ ನನ್ನ ಮುಂದ ಕುಂತ್ರ, ಮನಸ್ಸು ಓದ್ಯಾಳು ಅಂತ ಮಾರಿ ಆ ಕಡೆ ಮಾಡತಿದ್ರು. ಅಂಥಾದ್ರಾಗ ನೀ ಒಬ್ಬಾಕಿ ಮೊದಲನೇ ದಿನಾನೇ ಎದ್ದು ನಿಂತು, ಶಾಲಿ ಹುಡುಗರ ಮನಸ್ಸಿನ ಸಂಕಟ ಕೇಳೂ ಕೆಲಸ ಸಿಗಬೇಕಂದ್ರ ಮುಂದೇನ ಓದಬೇಕ್ರಿ ಅಂತ ಕೇಳಿದ್ದಿ. ಆವತ್ತು ಬಸ್ಸಿನ್ಯಾಗ ಚಿಕ್ಕೋಡಿತನಕ ನಿಂತೇ ಹೋದೆ, ಕಾಲು ನೋಯಲಿಲ್ಲ.

ನಾ ಹೇಳಿಕೊಟ್ಟ ರೀತಿ ನೆನಪೈತಲ್ಲ? ಮೊದಲ ವ್ಯಾಖ್ಯೆ, ಆಮ್ಯಾಲೆ ವಿವರಣೆ, ಕಡೀಕ ಉದಾಹರಣೆ. ಉದಾಹರಣೆ ನಿಮ್ಮ ಬದುಕಿನದಾಗಿರಬೇಕು, ಅಂದ್ರ ಪೇಪರ್ ತಿದ್ದಾವ್ರಿಗೆ ನಿದ್ದಿ ಹಾರತೈತಿ ಅಂತಿದ್ದೆ. ನಿನ್ನ ಕ್ಲಾಸಿನ ಮಲಕವ್ವ ಕಲಿಕೆಯ ಪ್ರಶ್ನೆಗೆ ತಮ್ಮ ಮನಿ ಎಮ್ಮಿನ್ನ ಬರದ್ಲು, ಬಕೀಟಿನ ಸಪ್ಪಳಕ್ಕ ಹಾಲು ಇಳಸೂದನ್ನ. ಎಲ್ಲಾರೂ ತಮ್ತಮ್ಮದು ಬರದ್ರು. ನೀ ಮಾತ್ರ ಹತಾಶೆ ಅನ್ನೂ ಪ್ರಶ್ನೆ ಬಂದಾಗೊಮ್ಮೆ ಪುಸ್ತಕದ ಹುಡುಗನ್ನೇ ಹಿಡಕೊಂಡು ಬರತಿದ್ದಿ. ಎತ್ತರದ ಕಪಾಟಿನ ಮ್ಯಾಲಿನ ಆಟಿಕೆ ಅವನ ಕೈಗೆ ನಿಲುಕೂದಿಲ್ಲ, ಅಂವ ಅಳತಾನ. ಯಾರವ್ವಾ ಅಂವ, ನಿಮ್ಮ ಓಣ್ಯಾಗ ಇರತಾನೇನು ಅಂತ ಬೈದೆ, ಒಂದು ಅಂಕ ಕಡಿದೆ. ನೀ ನಕ್ಕೊಂತ ಅಂದಿ:

"ನನಗ ಹತಾಶೆನೇ ಆಗಿಲ್ರಿ ಮೇಡಂ, ಏನಂತ ಬರೀಲಿ?"

ಖರೇನೂ ಇತ್ತು. ನಿಮ್ಮವ್ವ ಶಹಜಾದಬಿ ಮೊರ ತೊಡಿಮ್ಯಾಲಿಟ್ಟು ಬೀಡಿ ಕಟ್ಟತಿದ್ರ, ನೀ ಬಾಜೂಕ ಕುಂತು ದಾರ ಸುತ್ತಿಕೋತ ಉತ್ತರ ಒಪ್ಪಸ್ತಿದ್ದಿ. ಒಂದು ಅಕ್ಷರ ತಿಳೀದ ಆಕಿ ನೀ ತಡವರಿಸಿದ್ರ ಸಾಕು, ಮತ್ತ ಹೇಳು ಅಂತಿದ್ಲು. ಅದನ್ನ ಕಂಡು ನನಗ ಹೊಟ್ಟಿಕಿಚ್ಚಾಗತಿತ್ತು, ಸುಳ್ಳ ಯಾಕ ಹೇಳಲಿ.

ರಂಜಾನ್ ಬರೂದ್ರೊಳಗ ನಿಕಾಹ ಅಂತ ಸುದ್ದಿ ಬಂದ ಕೂಡಲೆ ನಿಮ್ಮ ಮನಿಗೆ ಓಡಿ ಬಂದೆ. ಜಗಳಕ್ಕ ತಯಾರಾಗೇ ಬಂದಿದ್ದೆ. ನಿಮ್ಮಪ್ಪ ಹುಸೇನಮಿಯಾ ಕುರ್ಚಿ ಕೊಟ್ರು, ಚಹಾ ತರಿಸಿದ್ರು. ತಂಬಾಕಿನ ಗೋದಾಮಿನ್ಯಾಗ ವಯಸ್ಸು ಕಳದ ಮನಷ್ಯಾ, ನಾಕು ಮಾತಿಗೊಮ್ಮೆ ಕೆಮ್ಮತಿದ್ರು. ಎದಿ ಫೋಟೋ ನೋಡಿ ಡಾಕ್ಟರು ಚಲೋ ಮಾತು ಹೇಳಿಲ್ಲ ಅಂದ್ರು. ಆಮ್ಯಾಲೆ ಸಮಾಧಾನದಿಂದ ಕೇಳಿದ್ರು:

"ನೀವು ಮನಸ್ಸು ಓದೂದು ಕಲಸ್ತೀರಂತಲ್ರಿ ಮೇಡಂ. ನಂದು ಓದ್ರಿ. ಮಗಳು ಕಲೀಬಾರದಂತ ಐತೇನ್ರಿ ಅದರಾಗ?"

ಇರಲಿಲ್ಲ ಹೀನಾ. ಅಂಜಿಕೆ ಇತ್ತು, ತಾ ಇರೂದ್ರಾಗ ಮಗಳು ಒಂದು ಮನಿ ಸೇರಲಿ ಅನ್ನೂದಿತ್ತು. ಅಂಥಾವ್ರ ಜೋಡಿ ಹೆಂಗ ಜಗಳಾಡಲಿ? ಮಾರ್ಚದಾಗ ತವರಿಗೆ ಕರಕೊಂಡು ಬಂದು ಪರೀಕ್ಷೆ ಬರಸ್ತೀವಿ ಅಂತ ಬೀಗರು ಮಾತು ಕೊಟ್ಟಾರ ಅಂದ್ರು. ನಾ ನಂಬಿದೆ. ನೀನೂ ನಂಬಿ ಪುಸ್ತಕಾನ ಸೀರಿ ನಡುವ ಇಟಗೊಂಡು ಹೋದಿ.

ಮೊದಲನೇ ಪರೀಕ್ಷೆಗೆ, ಸೊಸಿದು ಮೊದಲನೇ ರಂಜಾನ್, ಇಫ್ತಾರಿಗೆ ಮನಿತುಂಬ ಮಂದಿ ಅಂದ್ರು. ಎರಡನೇದಕ್ಕ ಅತ್ತಿಗೆ ಆರಾಮಿಲ್ಲ ಅಂದ್ರು. ಎರಡೂ ಖರೇನೇ ಇರಬೇಕು. ಯಾರೂ ಕೆಟ್ಟವರಲ್ಲ, ಅದಕ್ಕೇ ನನ್ನ ಸಿಟ್ಟಿಗೆ ಹೋಗಾಕ ಜಾಗ ಇಲ್ಲ. ಬರೂ ವರ್ಷಕ್ಕ ನಮ್ಮ ವಿಷಯಕ್ಕ ಒಬ್ಬರೂ ಹೆಸರು ಹಚ್ಚಿಲ್ಲ, ಅತಿಥಿ ಉಪನ್ಯಾಸಕಿ ನಾನು, ನನಗೂ ಕಾಲೇಜಿನಿಂದ ಕರೆ ಬರೂದಿಲ್ಲ.

ನಿನ್ನೆ ಕಡೇ ಸಲ ಅಂತ ಫೋನ್ ಮಾಡಿದ್ನಲ್ಲ, ನಿನ್ನ ಗಂಡ ಅಸದ ಎತ್ತಿ ಮರ್ಯಾದಿಯಿಂದ ಮಾತಾಡಿ ನಿನ್ನ ಕೈಗೆ ಕೊಟ್ಟ. ನಾ ಒಂದೇ ಸವನ ಹೇಳಿಕೋತ ಹೋದೆ, ಮುಂಜಾನಿ ಎಷ್ಟೊತ್ತಿಗೆ ಬಸ್ಸು, ಯಾವ ಅಧ್ಯಾಯ ನೋಡಬೇಕು, ಹತಾಶೆ ಬಂದೇ ಬರತೈತಿ ಅಂತ. ನೀ ಪೂರಾ ಕೇಳಿದಿ. ಆಮ್ಯಾಲೆ ಸಾವಕಾಶ ಅಂದಿ:

"ಅದಕ್ಕ ಈಗ ನನ್ನ ಹತ್ರ ನಂದೇ ಉದಾಹರಣೆ ಐತ್ರಿ ಮೇಡಂ."

ಫೋನ್ ಇಟ್ಟಿ. ರಾತ್ರಿ ನಾ ಊಟಾ ಮಾಡಲಿಲ್ಲ.

ಇವತ್ತು ಪೇಪರಿನ್ಯಾಗ ಆ ಪ್ರಶ್ನೆ ಬಂದಿತ್ತು, ಐದು ಅಂಕಕ್ಕ. ನಿನ್ನ ಬೆಂಚು ಖಾಲಿ ಇತ್ತು. ಮುಂದಿನ ವರ್ಷ ಪರೀಕ್ಷೆ ಬರೀತೀ ಅಂತ ಬರಿಯಾಕ ಪೆನ್ನು ಏಳವಲ್ದು, ನಿನಗ ಸುಳ್ಳು ಹೇಳಿ ರೂಢಿಲ್ಲ ನನಗ. ಒಂದೇ ಬೇಡಿಕೋತೀನಿ. ದೇವರು ನಿನಗ ಇನ್ನೊಂದು ಸ್ವಂತ ಉದಾಹರಣೆ ಕೊಡದಿರಲಿ. ಮುಂದ ಎಂದಾದ್ರೂ ಒಂದಿನ ಎಲ್ಲಿಯರೆ ಕುಂತು ಬರದ್ರ, ಆ ಕಪಾಟಿನ ಹುಡುಗನ್ನೇ ಬರಿ, ನಮ್ಮವ್ವಾ. ಪೂರ್ತಿ ಅಂಕ ಹಾಕತೀನಿ.

ಆರಾಮಿರು.

ನಿನ್ನ,
ಉಜ್ವಲಾ ಮೇಡಂ