ಚಿತ್ರಕ್ಕೆ ಬಂದ ನಾಲ್ಕು ಅಂಕ

ಮಾನ್ಯ ಪರೀಕ್ಷಾಧಿಕಾರಿಗಳಿಗೆ, ಮುತ್ತಿನಕೊಪ್ಪದ ಕಲ್ಲೇಶನ ನಮಸ್ಕಾರ.

ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಕಣ್ಣು ಕಾಣದ ಸುಮನಾ ಹೇಳಿದ್ದನ್ನು ಬರೆದವನು ನಾನು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ‘ಚಿತ್ರ ನೋಡಿ ವರ್ಣಿಸಿ’ ಎಂಬ ಪ್ರಶ್ನೆ ಅವಳ ಪತ್ರಿಕೆಯಲ್ಲೂ ಇದ್ದದ್ದು ಕಂಡು ದಂಗಾದೆ. ಚಿತ್ರದಲ್ಲೇನಿದೆ ಎಂದು ಅವಳಿಗೆ ಹೇಳಹೊರಟರೆ ಮೇಲ್ವಿಚಾರಕರು, “ಹೇಳ್ಕೊಟ್ರೆ ಕಾಪಿ ಆಗ್ತದೆ ಮಾರಾಯ, ನೀನೇ ನೋಡಿ ಬರ್ದುಬಿಡು” ಎಂದರು. “ಬೇಡ ಕಲ್ಲೇಶಣ್ಣ, ಖಾಲಿ ಬಿಡು” ಎಂದಳು ಸುಮನಾ. ನಾನು ಬರೆದೆ.

ಅವಳು ಸರಿಯಾಗಿ ಮೂವತ್ತೈದು ಅಂಕ ಪಡೆದು ಪಾಸಾಗಿದ್ದಾಳೆ. ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದೆ. ಚಿತ್ರಕ್ಕೆ ನಾಲ್ಕು ಅಂಕ ಬಂದಿದೆ. ಅವು ನನ್ನವು, ತೆಗೆದುಬಿಡಿ. ಬದಲಿಗೆ ಚಿತ್ರವಿಲ್ಲದ, ಬರೀ ಮಾತಿನಲ್ಲೇ ಇರುವ ಒಂದು ಪ್ರಶ್ನೆಯನ್ನು ಅವಳಿಗೆ ಕೊಡಿ.

ಪತ್ರವನ್ನು ಅವಳಿಗೆ ಓದಿ ಹೇಳಿದ್ದೇನೆ. ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆದರೆ ಸಹಿ ಹಾಕಿದ್ದಾಳೆ.

ಇತಿ,
ಕಲ್ಲೇಶ್
ಸುಮನಾ