ದೂರದಿಂದ ಹಾರಿಸಿದ ಗುಂಡು

೧೪ ಮಾರ್ಚ್, ಬೆಳಗ್ಗೆ

ನನ್ನ ಚಿನಕುರುಳಿಗೆ,

ದೊಡ್ಡಪ್ಪನ ಆಶೀರ್ವಾದ. ಜ್ವರ ಬಿಟ್ಟಿದೆಯಂತೆ, ನರ್ಸಿನ ಜೊತೆ ಜಗಳಕ್ಕೂ ನಿಂತೆಯಂತೆ. ನಿನ್ನಪ್ಪ ಹೇಳಿದ, ಜೀವಕ್ಕೆ ಸಮಾಧಾನವಾಯಿತು. ನನ್ನ ಪರೀಕ್ಷೆಯ ರಿಪೋರ್ಟು ಬಂದು ಐದು ದಿನವಾದರೂ ನಾನು ನಿನ್ನ ವಾರ್ಡಿನ ಕಡೆ ತಲೆ ಹಾಕಲಿಲ್ಲ, ನಿನ್ನ ಫೋನೂ ಎತ್ತಲಿಲ್ಲ. ಕ್ಷಮಿಸು. ಎದುರು ನಿಂತರೆ ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ಆವತ್ತು ಡಾಕ್ಟರು, "ಇವಳ ಎರಡೂ ಕಿಡ್ನಿ ಹೋಗಿವೆ. ಇವಳ ರಕ್ತ ಬೇರೆ ಯಾರ ಕಿಡ್ನಿಯನ್ನೂ ಹತ್ತಿರ ಸೇರಿಸ್ತಿಲ್ಲ. ದೊಡ್ಡಪ್ಪನದು ಹೊಂದೋದು ಲಾಂಗ್ ಶಾಟ್" ಎಂದು ಹೋದರಲ್ಲ, ನೀನು ಕೇಳಿದೆ: "ಡಿಕ್ಷನರಿ ದೊಡ್ಡಪ್ಪಾ, ಹಂಗಂದ್ರೇನು? ಎಲ್ಲಿಂದ ಬಂತು ಆ ಮಾತು?" ನೋಡಿ ಹೇಳುತ್ತೇನೆ ಎಂದು ಜಾರಿಕೊಂಡೆ.

ಅದೇ ಸಂಜೆ ನೋಡಿದೆ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಹೊಲಿಯುವ ಮುಂಚೆ ಓದುತ್ತಾ ಇಂಗ್ಲಿಷ್ ಕಲಿತವನು ನಾನು. ಬೆನ್ನು ಕಿತ್ತುಹೋದ ಒಂದು ದಪ್ಪ ನಿಘಂಟು ನನ್ನ ಮೇಜಿನ ಮೇಲೇ ಇತ್ತು. ಹಿಂದೆ ಹಡಗಿನ ಫಿರಂಗಿಗಳು ಹತ್ತಿರದ ಗುರಿಗಷ್ಟೇ ಸರಿಯಂತೆ. ದೂರದಿಂದ ಹಾರಿಸಿದ ಗುಂಡು ಸಾಮಾನ್ಯವಾಗಿ ಸಮುದ್ರಪಾಲು, ತಗಲಿದರೆ ಅದೃಷ್ಟ. ಅಂಥ ಗುಂಡೇ ಲಾಂಗ್ ಶಾಟ್. ಆಮೇಲೆ, ಆಗುವುದು ಕಷ್ಟವೆನಿಸಿದ ಎಲ್ಲಕ್ಕೂ ಜನ ಅದನ್ನೇ ಅನ್ನತೊಡಗಿದರು.

ಮಾರನೇ ದಿನ ಪರೀಕ್ಷೆಯ ಫಾರಮ್ಮಿಗೆ ಸಹಿ ಹಾಕಿದೆ. ನಿನ್ನಪ್ಪ ಕಣ್ಣೊರೆಸಿಕೊಂಡು, "ಅಣ್ಣಾ, ನೀನು ದೇವರು ಕಣೋ" ಎಂದ.

ಆಮೇಲೆ ಲ್ಯಾಬಿನವಳ ಫೋನು ಬಂತು. "ಹೊಂದಿದೆ ಯಜಮಾನ್ರೇ! ಎರಡು ಸಲ ನೋಡಿದ್ವಿ. ಡಾಕ್ಟರೇ ನಂಬ್ತಿಲ್ಲ!" ಕೈಯಲ್ಲಿದ್ದ ಗೋಂದಿನ ಬಟ್ಟಲು ಜಾರಿ ಬಿತ್ತು. ನೆಲದ ಮೇಲೇ ಕೂತುಬಿಟ್ಟೆ. ನಿನ್ನ ದೊಡ್ಡಮ್ಮ ಓಡಿ ಬಂದು, "ಏನ್ರೀ, ಯಾರು ಹೋದ್ರು?" ಎಂದಳು. ಯಾರೂ ಹೋಗಿಲ್ಲ, ಹುಡುಗಿ ಉಳಿಯುತ್ತಾಳೆ ಎನ್ನುವ ಬದಲು ಚೆಲ್ಲಿದ ಗೋಂದು ಒರೆಸತೊಡಗಿದೆ.

ನಿನ್ನೆ ಹೋಗಿ ಆಪರೇಷನ್ನಿಗೆ ಒಪ್ಪಿಗೆ ಬರೆದುಕೊಟ್ಟೆ. ಸೋಮವಾರ ನನ್ನನ್ನೂ ಸೇರಿಸಿಕೊಳ್ಳುತ್ತಾರೆ. ನೂರು ಕಾಲ ಬಾಳು ತಾಯಿ, ಜಗಳವಾಡುತ್ತಲೇ ಬಾಳು.

ನಿನ್ನ
ದೊಡ್ಡಪ್ಪ

ಕೊನೆಗೊಂದು ಮಾತು: ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮೊದಲ ಸಹಿ ಹಾಕಿದ್ದು, ನಿಘಂಟು ಓದಿದ ಮೇಲೆ, ಹೇಗೂ ತಗಲುವುದಿಲ್ಲವಲ್ಲ ಎಂದು. ತಗಲದಿರಲಿ ಎಂದು ಬೇಡಿಕೊಂಡೂ ಇದ್ದೆ ಮಗಳೇ. ನಿನ್ನಪ್ಪ ಕಣ್ಣೊರೆಸಿಕೊಳ್ಳುತ್ತಿದ್ದಾಗಲೂ ಬೇಡಿಕೊಳ್ಳುತ್ತಲೇ ಇದ್ದೆ. ಇದನ್ನು ಓದಿದ ಮೇಲೆ ನೀನು ನನ್ನ ಜೊತೆ ಮಾತಾಡದಿದ್ದರೂ ಸರಿ, ಸೋಮವಾರ ಪಕ್ಕದ ಮಂಚದಲ್ಲಿ ಇರುತ್ತೇನೆ.