ನಾಲ್ಕು ನಿಮಿಷದ ಹಳದಿ

ಮಂಗಳವಾರ, ಬೆಳಗಿನ ಐದು ಗಂಟೆ

ನನ್ನ ಗೂಬೆಮರಿಗೆ,

ರಾತ್ರಿ ಬೀದಿ ಸುತ್ತುವವಳು ನೀನು, ನಿದ್ದೆಗೆಟ್ಟು ಕೂತವಳು ನಾನು. ಮನೆಗೆ ಬಂದಾಗಿನಿಂದ ಮೂರು ಸಲ ಎದ್ದು ನೀರು ಕುಡಿದೆ, ಎರಡು ಸಲ ಬಾಗಿಲ ಚಿಲಕ ನೋಡಿ ಬಂದೆ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ‘ಶುಕ್ರವಾರದ ಫೋಟೋ ಪ್ರದರ್ಶನ ಬೇಡವೆಂದು ಹೇಳಿಬಿಡುತ್ತೇನೆ, ನನ್ನ ಕೈಗೆ ಬಣ್ಣ ಒಲಿಯಲಿಲ್ಲ’ ಎಂದು ನಮ್ಮ ಲ್ಯಾಬಿನ ಮೇಜಿನ ಮೇಲೆ ನೀನು ಚೀಟಿ ಇಟ್ಟು, ಗೆಳತಿಯ ರೂಮಿನಲ್ಲಿ ಹೋಗಿ ಕೂತಿದ್ದೀಯ. ಹೇಳಬೇಡ. ಈ ಕಾಗದ ಓದಿ ಮುಗಿಸುವವರೆಗಾದರೂ ಹೇಳಬೇಡ.

ಮೊದಲ ಸಲ ಪ್ರಿಂಟ್ ನೋಡಿದಾಗಲೇ ನೀನು, ಅಮ್ಮಾ ಬೀದಿಯೆಲ್ಲ ನೀಲಿಯಾಗಿದೆ, ಅಲ್ಲಿರೋದು ಹಳದಿ ದೀಪ ಅಂದೆ. ನಾನು ನಿನ್ನ ಮೇಲೇ ತಿರುಗಿಬಿದ್ದೆ. ಕ್ಯಾಮೆರಾದ ಕಣ್ಣು ನಾಲ್ಕು ನಿಮಿಷ ತೆರೆದಿಟ್ಟರೆ ಬಣ್ಣದ ಫಿಲ್ಮ್ ಹಾದಿ ತಪ್ಪದೆ ಇನ್ನೇನು ಮಾಡುತ್ತೆ, ಮತ್ತೆ ತೆಗೆದುಕೊಂಡು ಬಾ ಅಂದೆ. ಅದು ಹಸಿ ಸುಳ್ಳೂ ಅಲ್ಲ, ಹೆಚ್ಚು ಹೊತ್ತು ಬೆಳಕಿಗೆ ಒಡ್ಡಿದ ಫಿಲ್ಮಿನಲ್ಲಿ ಬಣ್ಣ ಏರುಪೇರಾಗುವುದುಂಟು. ಇಪ್ಪತ್ತಾರು ವರ್ಷ ಬಣ್ಣದ ಪ್ರಿಂಟ್ ಮಾಡಿದವಳ ಮಾತನ್ನು ನೀನಾದರೂ ಹೇಗೆ ಅನುಮಾನಿಸುತ್ತೀಯ? ಕ್ಯಾಮೆರಾ ಎತ್ತಿಕೊಂಡು ನೀನು ಹೊರಟೇಬಿಟ್ಟೆ. ಮೂರು ರಾತ್ರಿ ಅದೇ ಬೀದಿಗಳಲ್ಲಿ ಚಳಿಗೆ ನಡುಗುತ್ತ, ಗಡಿಯಾರ ಹಿಡಿದು ನಿಂತೆ. ಮೂರು ನಿಮಿಷ, ಎರಡು, ಒಂದು ಎಂದು ಇಳಿಸುತ್ತ ಬಂದೆ. ಕೆಮ್ಮು ಅಂಟಿಸಿಕೊಂಡು ಬಂದೆ. ಅವನ್ನೂ ನಾನು ನೀಲಿಯಾಗಿಯೇ ಪ್ರಿಂಟ್ ಮಾಡಿಕೊಟ್ಟೆ.

ನಿನ್ನ ಚೀಟಿ ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಪ್ರಿಂಟು, ನೆಗೆಟಿವ್ ಎಲ್ಲ ಚೀಲಕ್ಕೆ ತುಂಬಿಕೊಂಡು ರಾತ್ರಿ ಹತ್ತಕ್ಕೆ ಗೋದಾಮಿನ ಬೀದಿಗೆ ಹೋದೆ. ಅಷ್ಟು ಹೊತ್ತು ಕಣ್ಣು ತೆರೆದ ಕ್ಯಾಮೆರಾಗೆ ಅಲುಗಾಡುವವರು ಸಿಗುವುದಿಲ್ಲ, ನಿನ್ನ ಚಿತ್ರಗಳಲ್ಲಿ ನಡೆದು ಹೋದವರ ಸುಳಿವೇ ಇರುವುದಿಲ್ಲ, ಅಲ್ಲಿನ ಕಾವಲುಗಾರ ಮಾತ್ರ ಅಚ್ಚುಕಟ್ಟಾಗಿ ಮೂಡಿದ್ದಾನೆ. ನಾಲ್ಕು ನಿಮಿಷವೂ ಮಿಸುಕಾಡದೆ ನಿದ್ದೆ ಹೊಡೆದಿದ್ದಾನೆ ಪುಣ್ಯಾತ್ಮ. ನಿನ್ನೆಯೂ ಅದೇ ಕುರ್ಚಿ, ಜೊತೆಗೆ ಗೊರಕೆ. ಎಬ್ಬಿಸಿ, ಗೋಡೆ ಯಾವ ಬಣ್ಣ ಕಾಣುತ್ತಪ್ಪ ಎಂದು ಕೇಳಿದೆ. ಹಳದಿ ಕಣಮ್ಮ, ಕಾಣಲ್ವಾ ಅಂದ. ಅವನ ಗೂಡಿನ ಟ್ಯೂಬ್‌ಲೈಟಿನಡಿ ಪ್ರಿಂಟ್ ಹಿಡಿದೆ. ಇದ್ಯಾಕಮ್ಮ ಹಿಂಗೆ ನೀಲಿ ಬಳಿದಿದ್ದೀರಾ, ನಾನು ಸತ್ತು ಕೂತಿರೋ ಹಂಗಿದೀನಿ ಅಂದ.

ನನಗೆ ಎರಡೂ ಒಂದೇ ಕಂಡವು ಮಗಳೇ. ಗೋಡೆಯೂ ಹಳದಿ, ಪ್ರಿಂಟೂ ಹಳದಿ.

ತಪ್ಪಿದ್ದು ಫಿಲ್ಮ್ ಅಲ್ಲ, ನನ್ನ ಕಣ್ಣು. ಪೊರೆ ಬಂದಿದೆ. ಬಿಳಿ ಹಾಳೆಯೂ ನನಗೆ ಮಾಸಲು ಹಳದಿಯಾಗಿ ಕಾಣುತ್ತದೆ. ಆ ಹಳದಿಯನ್ನು ತೆಗೆಯುತ್ತೇನೆ ಎಂದುಕೊಂಡು ಪ್ರಿಂಟಿಗೆಲ್ಲ ನೀಲಿ ತುಂಬುತ್ತ ಹೋದೆ. ನಿನ್ನ ನೆಗೆಟಿವ್‌ಗಳಲ್ಲಿ ಎಳ್ಳಷ್ಟೂ ದೋಷವಿಲ್ಲ, ಮೊದಲು ತೆಗೆದ ನಾಲ್ಕು ನಿಮಿಷದವೇ ಸರಿಯಾಗಿವೆ. ನಿನ್ನನ್ನು ವೃಥಾ ಚಳಿಯಲ್ಲಿ ನಿಲ್ಲಿಸಿದೆ. ನೆನೆದರೆ ನಾಚಿಕೆಯಾಗುತ್ತದೆ.

ಅಲ್ಲಿಂದ ನೆಟ್ಟಗೆ ಎದುರು ಲ್ಯಾಬಿನ ಸೊಟ್ಟಮೂತಿಯ ಮನೆಗೆ ಹೋಗಿ ಬಾಗಿಲು ಬಡಿದೆ. ಅವನ ಪ್ರಿಂಟುಗಳನ್ನು ಇಷ್ಟು ವರ್ಷ ಎಲ್ಲರೆದುರು ಆಡಿಕೊಂಡು ನಕ್ಕವಳು ನಾನು. ಆದರೂ ಬೀಗದ ಕೈ ತಂದು ಲ್ಯಾಬ್ ತೆರೆದ. ಮೂರು ಗಂಟೆ ಹೊತ್ತು ನಿಂತು ಹನ್ನೆರಡು ಪ್ರಿಂಟ್ ಮಾಡಿದ. ಕೊನೆಗೆ, ಹಳದಿ ಚೆನ್ನಾಗಿ ಬಂದಿದೆ ಅಲ್ವಾ ಅಕ್ಕ ಎಂದು ಕೇಳಿದ. ನಾನು ತಲೆಯಾಡಿಸಿದೆ. ನನಗೇನೂ ತಿಳಿಯಲಿಲ್ಲ.

ಅವನೇ ಈ ಕಾಗದದ ಜೊತೆ ಪ್ರಿಂಟುಗಳನ್ನು ತಂದುಕೊಡುತ್ತಾನೆ. ಅವನೆದುರು ನಾನಿಟ್ಟ ಹೆಸರು ಎತ್ತಬೇಡ ಮಾರಾಯ್ತಿ. ಕಿಟಕಿಯ ಬೆಳಕಿನಲ್ಲಿ ಒಂದೊಂದನ್ನೂ ನೋಡು. ನಿನ್ನ ಕಣ್ಣಿಗೆ ಸರಿಕಂಡರೆ ಶುಕ್ರವಾರ ಗೋಡೆಗೆ ಹಾಕು. ಬೈಯುವುದನ್ನು ಮಾತ್ರ ಮನೆಗೆ ಬಂದೇ ಬೈ.

ನಿನ್ನ ಹಟಮಾರಿ
ಅಮ್ಮ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಪೊರೆಯ ವಿಷಯ ನಿನ್ನೆ ಗೊತ್ತಾಗಿದ್ದಲ್ಲ. ಬಣ್ಣದ ಕೆಲಸ ನಿಲ್ಲಿಸಿ, ಆಪರೇಷನ್ ಮಾಡಿಸಿಕೊಳ್ಳಿ ಎಂದು ಕಣ್ಣಿನ ಡಾಕ್ಟರು ಹೋದ ವರ್ಷವೇ ಹೇಳಿದ್ದರು. ನಿನ್ನ ಮೊದಲ ಪ್ರದರ್ಶನದ ಪ್ರಿಂಟನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಮುಂದೂಡುತ್ತ ಬಂದೆ. ನೀನು ನೀಲಿ ಅಂದ ದಿನವೇ ನನಗೆ ಡಾಕ್ಟರ ಮಾತು ನೆನಪಾಗಿತ್ತು. ಗೊತ್ತಿದ್ದೂ ನಿನ್ನನ್ನು ಮತ್ತೆ ಬೀದಿಗೆ ಕಳಿಸಿದೆ.